ಪರವಾಗಿಲ್ಲ ಎಂಬ ವಿಮರ್ಶೆ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಮೊಬೈಲು ಟಿಣ್ ಎಂದಿತು. ಸಂಜಯನಗರದ ನಮ್ಮ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದು ಎಂಟು ಸುತ್ತಿನಷ್ಟು ಮಾತಾಡುವ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲೊಬ್ಬರು ಬರೆದಿದ್ದರು: “ಟೀಚರ್, ಯಾಕೋ ತುಂಬಾ ಬೇಜಾರು. ಖುಷಿ ಕೊಡೋ ಒಂದು ನಾವೆಲ್ ಹೇಳ್ರೀ. ಆಡಿಯೋ ಬುಕ್ ಆದ್ರೂ ಪರವಾಗಿಲ್ಲ.” ಮೊದಲಾಗಿದ್ದರೆ ಇಂಥ ಪ್ರಶ್ನೆಗೆ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಇವತ್ತು ಆ ಕೊನೆಯ ಪದದ ಮೇಲೆ ಕಣ್ಣು ನೆಟ್ಟು ನಿಂತುಬಿಟ್ಟೆ. ಹಾಲು ಉಕ್ಕಿ ಒಲೆಯ ತುಂಬ ಹರಿದು ಸೀದ ವಾಸನೆ ಬಂದ ಮೇಲೆಯೇ ಎಚ್ಚರವಾದದ್ದು. ಒಂದು ಸಾಧಾರಣ ಪದಕ್ಕೆ ಇಷ್ಟೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ಸುತ್ತುಬಳಸಿ. ನೇರವಾಗಿ ಹೇಳುವ ಧೈರ್ಯ ನನಗಿಲ್ಲ.

ಯಶವಂತಪುರದ ಒಂದು ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ಜಮೀಲಾ ಹೊಲಿಗೆ ಕಲಿಸುತ್ತಿದ್ದರು. ಆಗ ಇಬ್ಬರ ಮನೆಯೂ ಆರ್.ಟಿ. ನಗರದಲ್ಲಿ, ಎರಡು ಕ್ರಾಸ್ ಅಂತರದಲ್ಲಿ. ದಿನವೂ ಒಂದೇ ಬಸ್ಸು. ಮನೆಯಲ್ಲಿ ಅವರದು ದಖನಿ ಉರ್ದು. ಕನ್ನಡ ಅವರಿಗೆ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಬಂದದ್ದು. ಆದರೂ ಕನ್ನಡ ಕಾದಂಬರಿಗಳನ್ನು ಅವರಷ್ಟು ಹಸಿವಿನಿಂದ ಓದಿದವರನ್ನು ನಾನು ಕಂಡಿಲ್ಲ, ಕನ್ನಡದಿಂದಲೇ ಸಂಬಳ ತಿಂದ ನನ್ನನ್ನೂ ಸೇರಿಸಿ. ಪುಸ್ತಕ ಆರಿಸಿ ತರುವುದು ನನ್ನ ಕೆಲಸ, ತೀರ್ಪು ಕೊಡುವುದು ಅವರದು.

ತೀರ್ಪುಗಳು ಮೂರೇ. ಹಿಡಿಸದಿದ್ದರೆ “ಯಾರಿಗಾದ್ರೂ ಕೊಟ್ಬಿಡಿ ಟೀಚರ್.” ಸುಮಾರಾಗಿದ್ದರೆ “ಹೂಂ.” ಎರಡು ರಾತ್ರಿ ನಿದ್ದೆಗೆಡಿಸಿದ ಪುಸ್ತಕವಾದರೆ, ಬ್ಯಾಗಿನಿಂದ ಮೆಲ್ಲಗೆ ತೆಗೆದು, ಒಮ್ಮೆ ಸವರಿ, “ಪರವಾಗಿಲ್ಲ.” ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ. ನಾನೋ, ಮುಖಪುಟ ನೋಡಿಯೇ ಅದ್ಭುತ, ಅಮೋಘ ಎನ್ನುವವಳು. ಅರ್ಧಕ್ಕೇ ಬಿಟ್ಟ ಕಾದಂಬರಿಯನ್ನೂ ಸ್ಟಾಫ್ ರೂಮಿನಲ್ಲಿ ಹತ್ತು ಜನಕ್ಕೆ ಶಿಫಾರಸು ಮಾಡಿದ್ದೇನೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಅವರು ಹಿಂದಿರುಗಿಸುವ ಪುಸ್ತಕಗಳ ಹಾಳೆಗಳ ನಡುವೆ ದಾರದ ತುಂಡುಗಳಿರುತ್ತಿದ್ದವು. ನಕ್ಕ ಕಡೆ ಹಸಿರು, ಅತ್ತ ಕಡೆ ಕೆಂಪು. ಒಮ್ಮೆ ಒಂದು ಮದುವೆಯ ತಮಾಷೆ ಪ್ರಸಂಗದಲ್ಲಿ ಕೆಂಪು ದಾರ ಕಂಡು, “ಇಲ್ಲಿ ಅಳೋಕೆ ಏನಿತ್ರೀ?” ಎಂದು ಕೇಳಿದೆ. “ಅತ್ತಿದ್ದಲ್ಲ ಟೀಚರ್, ಹಸಿರು ರೀಲ್ ಖಾಲಿಯಾಗಿತ್ತು” ಎಂದರು. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಿದ್ದೆವು. ಇನ್ನೊಂದು ದಿನ, ಗೊರಗುಂಟೆಪಾಳ್ಯದ ಕಡೆಯ ವಾಹನಗಳೆಲ್ಲ ಜಾಮ್ ಆಗಿ ಬಸ್ಸು ಅಲುಗಾಡದೆ ನಿಂತಾಗ, ನಾನು ಭಾಷಾ ಪಂಡಿತೆಯ ಗತ್ತಿನಲ್ಲಿ ಕನ್ನಡದೊಳಗಿನ ಉರ್ದು ಪದಗಳ ಬಗ್ಗೆ ಉಪನ್ಯಾಸ ಶುರುಮಾಡಿದೆ. ಜಮೀಲಾ ಎಲ್ಲ ಕೇಳಿ ಹೇಳಿದರು: “ಪರವಾಗಿಲ್ಲ ಅನ್ನೋದ್ರಲ್ಲಿ ಪರವಾ ನಮ್ಮದು, ಇಲ್ಲ ನಿಮ್ಮದು.” ಪರವಾ ಎಂದರೆ ಕಾಳಜಿ, ಚಿಂತೆ. ಜಾಣತನದ ಮಾತು ಎಂದು ಅದನ್ನು ಮರುದಿನ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳಿದೆ.

ನಿವೃತ್ತಿಯಾಯಿತು. ನಾನು ಸಂಜಯನಗರಕ್ಕೆ ಬಂದೆ. ಆರ್.ಟಿ. ನಗರಕ್ಕೂ ಇಲ್ಲಿಗೂ ನಡುವೆ ಬಳ್ಳಾರಿ ರಸ್ತೆಯೊಂದೇ ಅಡ್ಡ. ಆದರೆ ಬಸ್ಸು ತಪ್ಪಿದ ಮೇಲೆ ಭೇಟಿಯೂ ತಪ್ಪುತ್ತ ಬಂತು. ಅಷ್ಟರಲ್ಲಿ ಜಮೀಲಾಗೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಮೊದಲು ಸೂಜಿಗೆ ದಾರ ಪೋಣಿಸಲಾಗದಾಯಿತು, ಆಮೇಲೆ ಅಕ್ಷರಗಳು ಹೋದವು. “ಮನುಷ್ಯರ ಮುಖ ಕಾಣದಿದ್ರೆ ಧ್ವನಿಯಿಂದ ಗುರುತು ಹಿಡೀತೀನಿ ಟೀಚರ್. ಪುಸ್ತಕಕ್ಕೆ ಧ್ವನಿ ಎಲ್ಲಿದೆ?” ಎಂದು ಅವರು ಕೇಳಿದಾಗ ನನಗೆ ಎಂಥ ಉಪಾಯ ಹೊಳೆಯಿತೆಂದರೆ, ಇಡೀ ಜಗತ್ತಿನ ಕುರುಡುತನಕ್ಕೆ ನಾನೇ ಮದ್ದು ಕಂಡುಹಿಡಿದೆ ಎಂದು ಬೀಗಿದೆ. ಆಡಿಯೋ ಬುಕ್! ಅವತ್ತೇ ಅವರ ಮೊಬೈಲಿಗೆ ಆಪ್ ಹಾಕಿ, ಒಂದು ಕಾದಂಬರಿ ಶುರುಮಾಡಿ ಕಿವಿಗೆ ಹಿಡಿದೆ. “ಇದ್ರಲ್ಲಿ ದಾರ ಎಲ್ಲಿ ಇಡೋದು?” ಎಂದರು. ತಮಾಷೆ ಎಂದುಕೊಂಡು ನಕ್ಕೆ.

ಅಲ್ಲಿಂದ ಮೂರು ವರ್ಷ ನಾನು ಶಿಫಾರಸು ಮಾಡಿದ್ದೇ ಮಾಡಿದ್ದು. ವಾರಕ್ಕೆರಡು ಲಿಂಕು. ಇದು ನಗಿಸುತ್ತೆ, ಇದರಲ್ಲಿ ಓದಿದವರ ದನಿ ಚೆನ್ನಾಗಿದೆ, ಇದನ್ನು ಊಟ ಆದ ಮೇಲೆ ಕೇಳಿ, ಇದನ್ನು ಒಬ್ಬರೇ ಇದ್ದಾಗ ಕೇಳಬೇಡಿ. ಅವರು ಓದಲಾರರಲ್ಲ, ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ: “ಜಮೀಲಾ, ಈ ವಾರ ಬರೋಕಾಗ್ಲಿಲ್ಲ ಕಣ್ರೀ, ಮಂಡಿ ನೋವು. ಮುಂದಿನ ವಾರ ಖಂಡಿತ ಬರ್ತೀನಿ. ಅಂದಹಾಗೆ, ಹೋದ ವಾರ ಕಳಿಸಿದ್ದು ಹೇಗಿತ್ತು?” ಮಂಡಿ ನೋವಿನ ಜಾಗದಲ್ಲಿ ಒಮ್ಮೆ ಮಳೆ, ಒಮ್ಮೆ ಹೆಬ್ಬಾಳದ ಟ್ರಾಫಿಕ್, ಒಮ್ಮೆ ಮನೆಗೆ ನೆಂಟರು. ಪ್ರತಿಸಲವೂ ಸ್ವಲ್ಪ ಹೊತ್ತಿಗೆ ಅವರ ದನಿ ಬರುತ್ತಿತ್ತು, ಒಂದೇ ಪದ: “ಪರವಾಗಿಲ್ಲ.”

ಪ್ರತಿಸಲವೂ ಪರವಾಗಿಲ್ಲ! ಬಸ್ಸಿನ ಕಾಲದಲ್ಲಿ ವರ್ಷಕ್ಕೆ ಎರಡು ಬಾರಿ ಸಿಕ್ಕರೆ ಹೆಚ್ಚಾಗಿದ್ದ ಬಹುಮಾನ ಈಗ ವಾರವಾರವೂ ಸಿಗುತ್ತಿದೆ. ನನ್ನ ಅಭಿರುಚಿ ಕೊನೆಗೂ ಪಕ್ವವಾಯಿತು ಎಂದುಕೊಂಡೆ. ಪಾರ್ಕಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಹೋದ ವರ್ಷದ ಕೊನೆಯಲ್ಲಿ ಒಂದು ದಿನ ಅವರ ಸೊಸೆ ಸಮೀನಾ ಫೋನ್ ಮಾಡಿದಳು. ಜಮೀಲಾಗೆ ಸ್ಟ್ರೋಕ್ ಆಗಿ, ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಅವತ್ತು ನನಗೆ ಮಂಡಿ ನೋಯಲಿಲ್ಲ, ಟ್ರಾಫಿಕ್ಕೂ ಅಡ್ಡ ಬರಲಿಲ್ಲ. ಆಟೋದಲ್ಲಿ ಹದಿನೈದು ನಿಮಿಷ. ಹೋಗಿ ಮಂಚದ ಪಕ್ಕ ಕೂತು, “ಜಮೀಲಾ, ನಾನು ಕಣ್ರೀ, ಟೀಚರ್” ಎಂದೆ. ಅವರು ನನ್ನ ದನಿಯ ಕಡೆ ಮುಖ ತಿರುಗಿಸಿ ಏನೋ ಹುಡುಕಿದರು, ಆಮೇಲೆ ಸೊಸೆಯ ಕಡೆ ತಿರುಗಿದರು. ಸಮೀನಾ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು: “ಆಂಟಿ, ಅಮ್ಮಿಗೆ ಕನ್ನಡ ಹೋಗ್ಬಿಟ್ಟಿದೆ. ನಮ್ಮ ಮಾತು ಸ್ವಲ್ಪ ಸ್ವಲ್ಪ ಆಡ್ತಾರೆ, ಕನ್ನಡ ಮಾತ್ರ ತಿಳಿಯೋದೇ ಇಲ್ಲ. ಕೆಲವರಿಗೆ ಹಂಗಾಗುತ್ತಂತೆ. ವಾಪಸ್ ಬಂದ್ರೆ ಬರ್ಬೋದು, ಇಲ್ದಿದ್ರೆ ಇಲ್ಲ ಅಂದ್ರು ಡಾಕ್ಟ್ರು.”

ಒಂದು ಭಾಷೆ ಹಾಗೆ ಮನೆ ಖಾಲಿ ಮಾಡಿಕೊಂಡು ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ಅಷ್ಟೊಂದು ಕಾದಂಬರಿ ಕೇಳಿದ್ರಲ್ಲಮ್ಮ, ಅದೆಲ್ಲ ಹೋಯ್ತಾ?” ಎಂದೆ.

ಸಮೀನಾ ಗ್ಯಾಸ್ ಸಣ್ಣ ಮಾಡಿದಳು. “ಒಂದೂ ಕೇಳಿಲ್ಲ ಆಂಟಿ. ನಾನು ಹಾಕ್ಕೊಡ್ತೀನಿ ಅಂದ್ರೂ ಬೇಡ ಅಂತಿದ್ರು. ಟೀಚರ್ ಬರ್ತೀನಿ ಅಂದವ್ರೆ, ಅವ್ರೇ ಓದಿ ಹೇಳ್ತಾರೆ, ಮಧ್ಯದಲ್ಲಿ ನಿಲ್ಸಿ ಮಾತಾಡ್ಬೋದು ಅಂತಿದ್ರು.”

ನಾನು ಒಂದು ಉಸಿರಿನಲ್ಲಿ ಎರಡು ಮಾತು ಕಳಿಸುತ್ತಿದ್ದೆ: ಬರಲಾಗಲಿಲ್ಲ ಎಂಬುದೊಂದು, ಪುಸ್ತಕ ಹೇಗಿತ್ತು ಎಂಬುದೊಂದು. ಅವರು ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದರು. ನಾನು ಅದನ್ನು ಎರಡನೆಯದಕ್ಕೆ ಅಂಟಿಸಿಕೊಂಡು ಮೆರೆದೆ. ಮೂರು ವರ್ಷ ವಾರವಾರವೂ ಅವರು ನನ್ನನ್ನು ಕ್ಷಮಿಸುತ್ತಿದ್ದರು, ನಾನು ಅದನ್ನು ವಿಮರ್ಶೆ ಎಂದು ತಿಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪದಗಳ ನಾನಾರ್ಥ ಬರೆಸಿದವಳು ನಾನು! ಪರವಾ ಅವರದು, ಇಲ್ಲ ನನ್ನದು. ಅವರು ಬಸ್ಸಿನಲ್ಲಿ ಅಂದೇ ಹೇಳಿದ್ದರು.

ಈಗ ಬುಧವಾರ, ಶನಿವಾರ ತಪ್ಪದೆ ಹೋಗುತ್ತೇನೆ. ಹೋಗಿ ಓದುತ್ತೇನೆ. ಅವರಿಗೆ ಒಂದಕ್ಷರವೂ ತಿಳಿಯದೆಂದು ಗೊತ್ತು. ಟೀಚರ್ ಬಂದಿದ್ದಾರೆ ಎಂದು ಸಮೀನಾ ಅವರ ಮಾತಿನಲ್ಲೇ ಹೇಳಿದರೂ ನನ್ನ ಗುರುತು ಅವರಿಗೆ ಹತ್ತುವುದಿಲ್ಲ. ಯಾವತ್ತಾದರೂ ಕನ್ನಡ ತಿರುಗಿ ಬಂದರೆ ಬಾಗಿಲಲ್ಲಿ ಯಾರಾದರೂ ಇರಲಿ ಎಂದು ಓದುತ್ತೇನೆ ಅಂತ ಮೊದಲ ತಿಂಗಳು ಹೇಳಿಕೊಳ್ಳುತ್ತಿದ್ದೆ. ಈಗ ಆ ಆಸೆಯೂ ಇಲ್ಲ. ಸುಮ್ಮನೆ ಕೂರುವುದು ಇನ್ನೂ ಕಷ್ಟ, ಅದಕ್ಕೆ ಓದುತ್ತೇನೆ. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ನಾನು ಕಲಿತ ದಖನಿ ಎಂದರೆ ‘ಕೈಕು’, ‘ನಕ್ಕೋ’ ಎರಡೇ: ಏಕೆ, ಬೇಡ. ಅವರು ನನ್ನ ಭಾಷೆಯ ಕಾದಂಬರಿಗಳನ್ನೆಲ್ಲ ಓದಿದರು, ನಾನು ಅವರ ಭಾಷೆಯಲ್ಲಿ ನೀರು ಕೇಳುವುದನ್ನೂ ಕಲಿಯಲಿಲ್ಲ.

ಇವತ್ತು ಒಲೆ ಒರೆಸಿ, ಯಾರಿಗೂ ಏನೂ ಬರೆಯದೆ ಮೊಬೈಲು ಬದಿಗಿಟ್ಟು, ಹತ್ತು ಗಂಟೆಗೆ ಅವರ ಮನೆ ಸೇರಿದೆ. ಒಂದು ಅಧ್ಯಾಯ ಪೂರ್ತಿ ಓದಿದೆ. ಏನೋ ಕೆಲಸವಿದ್ದು ಮನೆಗೆ ಬಂದ ಅಪರಿಚಿತರ ಮಾತಿಗೆ ಮರ್ಯಾದೆಯಿಂದ ಕಿವಿಗೊಡುವ ಹಾಗೆ ಜಮೀಲಾ ಕೇಳಿಸಿಕೊಂಡರು. ನಾನು ಪುಸ್ತಕ ಮುಚ್ಚಿದಾಗ ನನ್ನ ಕೈ ತಡವಿ ಹಿಡಿದು, ಸೊಸೆಯ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದರು. ಸಮೀನಾ ಅದನ್ನು ಕನ್ನಡ ಮಾಡಿದಳು: “ನಿಮ್ಗೆ ಚಾ ಕೊಟ್ಟು ಬೇಗ ಕಳಿಸ್ಬೇಕಂತೆ ಆಂಟಿ. ಪಾಪ, ಮನೇಲಿ ಯಾರಾದ್ರೂ ನಿಮ್ಗೆ ಕಾಯ್ತಿರ್ತಾರೆ ಅಂತವ್ರೆ.”

ಮನೆಯಲ್ಲಿ ನನಗಾಗಿ ಯಾರೂ ಕಾಯುತ್ತಿಲ್ಲ. ಕಾದವರು ಇವರೊಬ್ಬರೇ. ಅದನ್ನು ಅವರಿಗೆ ಹೇಳಲು ನನಗೆ ಭಾಷೆ ಬರುವುದಿಲ್ಲ.