ನೆಟ್ಟಗೆ ನಿಂತ ತೆನೆ

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಡ್‌ಮಿಸ್ಟ್ರೆಸ್ ನನ್ನ ಚಪ್ಪಲಿ ಬಿಡಿಸಿದರು. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ಏಳನೇ ತರಗತಿಯ ವಿಜ್ಞಾನ ಪುಸ್ತಕವನ್ನು ಎದೆಗವಚಿಕೊಂಡು ನಾನು ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಮಳೆ ಯಾರೋ ಕೊಡ ಮಗುಚಿದ ಹಾಗೆ ಸುರಿಯುತ್ತಿತ್ತು.

"ಪುಸ್ತಕ ಇಲ್ಲಿಡಿ ಟೀಚರ್. ಸೀರೆ ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳಿ. ನಿಮ್ಮ ಕ್ಲಾಸಿನ ಮಕ್ಕಳು ಗದ್ದೆಯಲ್ಲಿದ್ದಾರೆ," ಎಂದರು ಸಿಸ್ಟರ್ ಲೂಸಿಲ್ಲಾ. ನಗಲಿಲ್ಲ, ಗದರಲೂ ಇಲ್ಲ.

ಶಾಲೆಯ ಹಿಂದೆ ಎರಡು ಮಡಿ ಗದ್ದೆ. ಮೊಣಕಾಲುದ್ದದ ಕೆಸರಿನಲ್ಲಿ ನಲವತ್ತು ಮಕ್ಕಳು ಬಗ್ಗಿ ನಿಂತು ನೇಜಿ ನೆಡುತ್ತಿದ್ದರು. ನೇಜಿ ಎಂದರೆ ಭತ್ತದ ಸಸಿ. ನಾನು ಒಂದು ಕಾಲಿಟ್ಟೆ, ಕಾಲು ಹೂತಿತು. ಅದನ್ನು ಎಳೆಯಲು ಹೋಗಿ ಇನ್ನೊಂದನ್ನಿಟ್ಟೆ, ಅದೂ ಹೂತಿತು. ಕಡೆಗೆ ಒಬ್ಬ ಹುಡುಗಿ ಬಂದು ನನ್ನ ಕೈ ಹಿಡಿದಳು. "ಬೆರಳು ಮೊದಲು ಒತ್ತಿ ಟೀಚರ್, ಹಿಮ್ಮಡಿ ಆಮೇಲೆ," ಎಂದಳು. ನನ್ನ ವಿದ್ಯಾರ್ಥಿನಿ ನನಗೆ ನಡೆಯಲು ಕಲಿಸಿದಳು. ಅವಳ ಹೆಸರು ರೊವಿನಾ.

ರೋಣದ ಕಡೆಯ ನಮ್ಮವರು ಇದನ್ನು ಓದುವಾಗ ನಗಬಹುದು. ನಗಿರಿ. ಆರು ವರ್ಷ ಅಲ್ಲಿ ಅತಿಥಿ ಶಿಕ್ಷಕಿಯಾಗಿ ದುಡಿದೆ. ಪ್ರತಿ ಜೂನಿನಲ್ಲೂ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದೇ ಒಂದು ಕೆಲಸವಾಗಿತ್ತು. ಒಂದು ಜೂನಿನಲ್ಲಿ ಕರೆಯಲಿಲ್ಲ. ಬಿ.ಎಡ್. ಗೆಳತಿಯೊಬ್ಬಳು ಉಡುಪಿಯಲ್ಲಿದ್ದಳು. ಕಾರ್ಕಳದಿಂದ ಅಜೆಕಾರಿಗೆ ಹೋಗುವ ದಾರಿಯಲ್ಲಿ ಸಿಸ್ಟರುಗಳು ನಡೆಸುವ ಕ್ರೈಸ್ತ ಶಾಲೆಯೊಂದಿದೆ, ವಿಜ್ಞಾನಕ್ಕೆ ಜನ ಬೇಕಂತೆ ಎಂದು ಅವಳು ಫೋನು ಮಾಡಿದಳು. ಹೀಗೆ ನಾನು ಘಟ್ಟ ಇಳಿದೆ.

ನಮ್ಮಲ್ಲಿ ಬಿಸಿಲಿಗೆ ಶಾಲೆ ಬೇಗ ಬಿಡುತ್ತಾರೆ. ಇಲ್ಲಿ ಮಳೆ ಜೋರಾದರೆ ರಜೆ. ನಮ್ಮಲ್ಲಿ ಮಳೆ ಬಂದರೆ ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಇಲ್ಲಿನ ಮಕ್ಕಳು ತಲೆಯೆತ್ತಿಯೂ ನೋಡದೆ ಲೆಕ್ಕ ಬಿಡಿಸುತ್ತಿರುತ್ತಾರೆ. ನನ್ನೊಡನೆ ಅಚ್ಚುಕಟ್ಟಾದ ಕನ್ನಡ ಆಡುವ ಇವರು, ನಾನು ಬೋರ್ಡಿನತ್ತ ತಿರುಗಿದ ಕೂಡಲೇ ತುಳುವಿಗೋ ಕೊಂಕಣಿಗೋ ಹಾರುತ್ತಾರೆ. ಬೆನ್ನ ಹಿಂದೆ ನಗು ಕೇಳಿಸುತ್ತದೆ. ಏನೆಂದು ಕೇಳಿದರೆ, "ಎಂತ ಇಲ್ಲ ಟೀಚರ್" ಎನ್ನುತ್ತಾರೆ. ಮೊದಲ ತಿಂಗಳೆಲ್ಲ ಅವರು ನನ್ನನ್ನೇ ನೋಡಿ ನಗುತ್ತಿದ್ದಾರೆ ಎಂದುಕೊಂಡು ರೂಮಿಗೆ ಬಂದು ಅತ್ತದ್ದುಂಟು. ಅರ್ಧ ನಿಜವೂ ಇರಬಹುದು.

ಈ ಶಾಲೆಯಲ್ಲಿ ಶನಿವಾರವೆಂದರೆ ಕೈಕೆಲಸದ ದಿನ. ಮಕ್ಕಳು ಅಂಗಿಯ ಗುಂಡಿ ಹೊಲಿಯುತ್ತಾರೆ, ತೆಂಗಿನ ಗರಿಯ ಕಡ್ಡಿ ಹೆರೆದು ಹಿಡಿಸೂಡಿ ಕಟ್ಟುತ್ತಾರೆ. ಪೊರಕೆಗೆ ಇಲ್ಲಿ ಹಿಡಿಸೂಡಿ ಎನ್ನುತ್ತಾರೆ. ಶಾಲೆಯ ತೋಟ ನೋಡಿಕೊಳ್ಳುವ ಬಾಬಣ್ಣ ಗದ್ದೆ ಕೆಲಸ ಹೇಳಿಕೊಡುತ್ತಾರೆ. ಪುಸ್ತಕದಲ್ಲಿ ಭತ್ತದ ಪಾಠವನ್ನು ಎಷ್ಟೋ ಸಲ ಮಾಡಿದ್ದ ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತು ಹಾಜರಿ ಕರೆಯುತ್ತಿದ್ದೆ. ನನ್ನಿಂದ ಆಗುತ್ತಿದ್ದುದು ಅಷ್ಟೇ.

ನಾನು ಬಾಡಿಗೆಗಿದ್ದುದು ರೊವಿನಾಳ ಮನೆಯಲ್ಲೇ, ಮುಂಬಾಗಿಲ ಪಕ್ಕದ ಕೋಣೆಯಲ್ಲಿ. ಅವಳ ಅಪ್ಪ ಕುವೈತಿನಲ್ಲಿ ಎ.ಸಿ. ರಿಪೇರಿ ಮಾಡುತ್ತಾರೆ, ಅಮ್ಮ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದಿಂದ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿಲ್ಲ. ಇಲ್ಲಿ ಅವಳೂ, ಅವಳ ಅಜ್ಜಿ ಸೆರಾಫಿನ್ ಬಾಯಿಯೂ. ಸೆರಾಫಿನ್ ಬಾಯಿ ನನಗೆ ಮೊದಲ ದಿನವೇ ಬೇರೆ ಒಲೆ ತೋರಿಸಿದರು. "ನೀವು ಮೀನು ತಿನ್ನುದಿಲ್ಲ ಅಂತ ಸಿಸ್ಟರ್ ಹೇಳಿದ್ದಾರೆ. ಈ ಪಾತ್ರೆಗಳನ್ನು ನಾವು ಮುಟ್ಟುದಿಲ್ಲ. ಹೆದರ್ಬೇಡಿ ಮಾರಾಯ್ರೆ," ಎಂದರು. ಅಂಥ ಮರ್ಯಾದೆ. ಆದರೆ ಆ ಮರ್ಯಾದೆಯ ದೆಸೆಯಿಂದ ನಾನು ದಿನವೂ ಒಬ್ಬಳೇ ಉಣ್ಣುತ್ತಿದ್ದೆ, ಗೋಡೆಯ ಆಚೆ ಅಜ್ಜಿ ಮೊಮ್ಮಗಳ ಮಾತು ಕೇಳುತ್ತ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಸಲ ಬಸ್ಸು ಹತ್ತಿ ಆದಿ ಉಡುಪಿಯ ಸಂತೆಗೆ ಹೋದಾಗ ಒಬ್ಬಾತ ಜೋಳದ ಹಿಟ್ಟು ಮಾರುತ್ತಿದ್ದ. "ಎಷ್ಟ ಬೇಕ್ರೀ ಅಕ್ಕಾರ?" ಎಂದ. ಆ ಮಾತಿಗಾಗಿಯೇ ಎರಡು ಕಿಲೋ ಹೆಚ್ಚು ಕೊಂಡೆ. ಈ ಊರಿನಲ್ಲಿ ನಾನು ಗೆದ್ದದ್ದು ಎಂದರೆ ಅದೊಂದೇ, ರೊಟ್ಟಿ.

ಇನ್ನು ಗದ್ದೆಯ ಸಂಗತಿ. ಸೆಪ್ಟೆಂಬರ್ ಎಂಟು ಮಾತೆ ಮರಿಯಮ್ಮನ ಹುಟ್ಟಿದ ಹಬ್ಬ. ಇಲ್ಲಿಯ ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿ ಫೆಸ್ತ್, ಹೊಸ ಅಕ್ಕಿಯ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಕೊಯ್ದು ತಂದು ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಮೆರವಣಿಗೆಯಲ್ಲಿ ಒಯ್ದು, ಪಾದ್ರಿಗಳ ಆಶೀರ್ವಾದವಾದ ಮೇಲೆ ಮನೆಮನೆಗೆ ಹಂಚುತ್ತಾರೆ. ಆ ಕಾಳನ್ನು ಸುಲಿದು ತೆಂಗಿನ ಹಾಲಿಗೆ ಹಾಕಿ ಮನೆಯ ಪ್ರತಿಯೊಬ್ಬರೂ ತಿನ್ನಬೇಕು. ದೂರ ಇರುವವರನ್ನೂ ಬಿಡುವಂತಿಲ್ಲ. ಅವರ ಪಾಲಿನ ಕಾಳನ್ನು ಕವರಿನಲ್ಲಿಟ್ಟು ಅಂಚೆಗೆ ಹಾಕುತ್ತಾರೆ, ಮುಂಬಯಿಗೆ, ದುಬೈಗೆ, ಕುವೈತಿಗೆ.

ಆ ವರ್ಷ ಮೆರವಣಿಗೆಯ ತೆನೆಯ ಜೊತೆ ನಮ್ಮ ಏಳನೇ ತರಗತಿಯ ತೆನೆಯೂ ಹೋಗಬೇಕೆಂದು ಸಿಸ್ಟರ್ ನಿಶ್ಚಯಿಸಿದ್ದರು. ಅದಕ್ಕೆಂದೇ ಬೇಗ ತೆನೆಗಟ್ಟುವ ತಳಿ ಹಾಕಿಸಿದ್ದರು. ರೊವಿನಾ ಗದ್ದೆಯ ಮೂಲೆಯಲ್ಲಿ ತಾನು ನೆಟ್ಟ ಸಾಲಿಗೆ ಕೆಂಪು ರಿಬ್ಬನ್ ಕಟ್ಟಿದ ಕೋಲು ಊರಿದ್ದಳು. ಪ್ರತಿ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಅದರ ವರದಿ ಹೋಗುತ್ತಿತ್ತು.

"ಪಪ್ಪ ಹೇಳಿದ್ರು, ಇಷ್ಟು ವರ್ಷ ಬೇರೆಯವರ ಗದ್ದೆದು ತಿಂದೆ, ಈ ವರ್ಷ ನಿಂದೇ ತಿನ್ನುದು ಅಂತ," ಎಂದು ಒಂದು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು. "ನನ್ನ ಸಾಲಿಂದು ಕಳಿಸ್ಲಿಕ್ಕೆ ಬಿಡ್ತೀರಲ್ವಾ ಟೀಚರ್?"

"ನಿನ್ನದೇ ಅಲ್ಲವೇನೇ, ಬಿಡದೆ ಏನು?" ಎಂದೆ. ಮಾತು ಕೊಡುವುದು ಎಷ್ಟು ಸುಲಭ!

ಆಗಸ್ಟ್ ಮೊದಲಲ್ಲಿ ಬಾಬಣ್ಣ ಜ್ವರ ಬಂದು ಮಲಗಿದರು, ಮೂರು ವಾರ ಬರಲಿಲ್ಲ. ಅದೇ ಹೊತ್ತಿಗೆ ಮೂರು ದಿನ ಬಿಡದೆ ಮಳೆ. ರಜೆ ಮುಗಿದು ಹೋಗಿ ನೋಡಿದರೆ ಗದ್ದೆಯಲ್ಲಿ ಪೈರಿನ ಅರ್ಧದವರೆಗೆ ನೀರು ನಿಂತಿದೆ. ನೀವೇ ಹೇಳಿ, ನಮ್ಮ ಎರೆ ಹೊಲದಲ್ಲಿ ಎರಡು ದಿನ ನೀರು ನಿಂತರೆ ಜೋಳದ ಬೇರು ಉಳಿಯುತ್ತದೆಯೇ? ಅಪ್ಪ ಇದ್ದಾಗ ಮಳೆ ನಿಂತ ಕೂಡಲೇ ಸಲಿಕೆ ಹಿಡಿದು ಒಡ್ಡು ಒಡೆಯಲು ಓಡುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಇಲ್ಲಿ ಬಂದ ಮೇಲೆ ಮೊದಲ ಬಾರಿಗೆ ನನಗೆ ಗೊತ್ತಿರುವ ಕೆಲಸವೊಂದು ಸಿಕ್ಕಿತ್ತು. ಸಲಿಕೆ ತಂದೆ. ಬದುವಿಗೆ ಎರಡು ಕಡೆ ಕಂಡಿ ಹೊಡೆದೆ. ನೀರು ಭರ್ರನೆ ತೋಡಿಗೆ ಹರಿಯಿತು. ಮಕ್ಕಳು ಕೊಡೆ ಹಿಡಿದು ಸಾಲಾಗಿ ನಿಂತು ನೋಡಿದರು. ಯಾರೂ ಉಸಿರೆತ್ತಲಿಲ್ಲ. ಟೀಚರಿಗೂ ಕೆಲಸ ಬರುತ್ತದೆಂದು ಅವರು ಬೆರಗಾಗಿದ್ದಾರೆ ಎಂದೇ ನಾನು ಬೀಗಿದೆ.

ಆಮೇಲೆ ಮಳೆ ನಿಂತಿತು. ಒಂದು ದಿನವಲ್ಲ ಎರಡು ದಿನವಲ್ಲ, ಹನ್ನೆರಡು ದಿನ ಸುಡು ಬಿಸಿಲು. ಗದ್ದೆಯ ನೆಲ ಒಣಗಿ ಅಲ್ಲಲ್ಲಿ ಬಿರುಕು ಬಿಟ್ಟಿತು. ನಿಜ ಹೇಳುತ್ತೇನೆ, ಆ ಬಿರುಕು ಕಂಡು ನನಗೆ ಹಿತವಾಯಿತು. ನಮ್ಮೂರ ನೆಲದ ಮುಖ ಕಂಡ ಹಾಗಾಯಿತು. ಕೆಲವು ದಿನಗಳಲ್ಲಿ ತೆನೆ ಹೊರಬಿತ್ತು. ಬೆಳ್ಳಗೆ, ನೆಟ್ಟಗೆ, ಆಕಾಶಕ್ಕೆ ಮುಖ ಮಾಡಿ ನಿಂತಿತು. "ನೋಡಿ, ಎಷ್ಟು ಚಂದ ನಿಂತಿದೆ," ಎಂದು ಮಕ್ಕಳಿಗೆ ತೋರಿಸಿದೆ. ಜೋಳದ ತೆನೆ ನಿಲ್ಲುವುದೇ ಹಾಗಲ್ಲವೇ! ನಮ್ಮಲ್ಲಿ ತಲೆಯೆತ್ತಿ ನಿಂತ ಹೊಲ ಕಂಡರೆ ದಾರಿಹೋಕರೂ ಒಂದು ಗಳಿಗೆ ನಿಂತು ನೋಡಿ ಹೋಗುತ್ತಾರೆ.

ಬಾಬಣ್ಣ ಜ್ವರ ಬಿಟ್ಟು ಬಂದವರು ಬದುವಿನಿಂದ ನೇರ ಗದ್ದೆಗಿಳಿದರು. ಒಂದು ತೆನೆ ಕಿತ್ತು, ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಹಾಲು ಬರಲಿಲ್ಲ. ಇನ್ನೊಂದು ಒತ್ತಿದರು. ಬರೀ ಹೊಟ್ಟು.

"ಹೂ ಬಿಡುವ ಹೊತ್ತಿಗೆ ಬುಡದಲ್ಲಿ ನೀರು ಇರ್ಬೇಕು ಟೀಚರ್," ಎಂದರು ಮೆಲ್ಲಗೆ. "ಕಾಳು ತುಂಬಿದ ತೆನೆ ಬಗ್ಗುತ್ತದೆ. ಇದು ಎಲ್ಲ ಜೊಳ್ಳು. ಬದುವಿಗೆ ಕಂಡಿ ಹೊಡೆದದ್ದು ಯಾರು?"

ಬಾವಿಯಿಂದ ಪಂಪು ಹಾಕೋಣ, ಗೊಬ್ಬರ ಹಾಕೋಣ, ಏನಾದರೂ ಮಾಡೋಣ ಎಂದು ನಾನು ಬಡಬಡಿಸಿದೆ. ಅವರು ತಲೆಯಾಡಿಸಿದರು. ಒಮ್ಮೆ ಜೊಳ್ಳಾದ ಕಾಳಿನೊಳಗೆ ಅಕ್ಕಿ ತುಂಬುವ ವಿದ್ಯೆ ಯಾರ ಬಳಿಯೂ ಇಲ್ಲ. ಹಬ್ಬಕ್ಕೆ ಎರಡು ವಾರ ಉಳಿದಿತ್ತು. ದಿನವೂ ಬೆಳಿಗ್ಗೆ ಹೋಗಿ ಆ ನೆಟ್ಟಗಿನ ತೆನೆಗಳನ್ನು ನೋಡುತ್ತಿದ್ದೆ, ಒಂದಾದರೂ ಬಗ್ಗೀತೇ ಎಂದು. ಅಂಥ ಕೈಲಾಗದತನವನ್ನು ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಿಟ್ಟರೆ ನಾನು ಕಂಡಿರಲಿಲ್ಲ.

ಸಿಸ್ಟರಿಗೆ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದೇ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. "ಮೆರವಣಿಗೆಗೆ ತೆನೆ ಎಲ್ಲಿಂದಾದ್ರೂ ತರಿಸ್ಲಿಕ್ಕಾಗ್ತದೆ. ಬಾಬಣ್ಣನ ತಮ್ಮನ ಗದ್ದೆ ಅಜೆಕಾರಿನಲ್ಲುಂಟು. ಅದು ದೊಡ್ಡ ಸಂಗತಿ ಅಲ್ಲ. ಮಕ್ಕಳಿಗೆ ಮಾತ್ರ ನೀವೇ ಹೇಳ್ಬೇಕು. ನಾನು ಹೇಳುದಿಲ್ಲ."

ಶನಿವಾರ ಮಕ್ಕಳನ್ನು ಬದುವಿನ ಮೇಲೆ ನಿಲ್ಲಿಸಿ ಹೇಳಿದೆ. ತಪ್ಪು ಮಳೆಯದಲ್ಲ, ನನ್ನದು. ನೀರು ಹೊರಗೆ ಬಿಟ್ಟದ್ದು ನಾನು. ಕಂಡಿ ಮುಚ್ಚಬೇಕೆಂದೂ ನನಗೆ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ರೊವಿನಾ ತನ್ನ ರಿಬ್ಬನ್ನಿನ ಕೋಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಮಗೆ ಗೊತ್ತಿತ್ತು ಟೀಚರ್," ಎಂದಳು.

"ಏನು ಗೊತ್ತಿತ್ತು?"

"ನೀರು ಬಿಡ್ಲಿಕ್ಕಿಲ್ಲ ಅಂತ. ಬಾಬಣ್ಣ ಹೇಳಿದ್ರು ನಮಗೆ, ನೆಡುವಾಗಲೇ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. "ನೀವು ಟೀಚರ್ ಅಲ್ವಾ? ಪುಸ್ತಕದಲ್ಲಿ ಹಾಗೆ ಇರ್ಬೇಕು ಅಂತ ಗ್ರಹಿಸಿದೆವು."

ಮೊದಲ ದಿನ ನನ್ನ ಕೈಹಿಡಿದು ನಡೆಸಿದ ಹುಡುಗಿ, ನನ್ನ ಕೈಯಲ್ಲಿ ಸಲಿಕೆ ಕಂಡಾಗ ಬಾಯಿಮುಚ್ಚಿ ನಿಂತಿದ್ದಳು. ಅಷ್ಟು ಹೊತ್ತಿಗೆ ನಾನು ಅವರಿಗೆ ಪೂರ್ತಿ ಟೀಚರ್ ಆಗಿಬಿಟ್ಟಿದ್ದೆ. ಅದಕ್ಕೇ ಅಲ್ಲವೇ ಎರಡು ತಿಂಗಳು ನಾನು ಹಂಬಲಿಸಿದ್ದು?

ಹಬ್ಬ ಬಂತು. ಅಜೆಕಾರಿನ ತೆನೆ ಮೆರವಣಿಗೆಯಲ್ಲಿ ಹೋಯಿತು, ತಲೆ ಬಗ್ಗಿಸಿಕೊಂಡು. ಮಧ್ಯಾಹ್ನ ಸೆರಾಫಿನ್ ಬಾಯಿ ನನ್ನ ಬಾಗಿಲು ತಟ್ಟಿದರು. "ಇವತ್ತು ನಮ್ಮಲ್ಲೂ ಮೀನಿಲ್ಲ, ಮಾಂಸ ಇಲ್ಲ. ಮೊಂತಿ ಫೆಸ್ತಿಗೆ ಎಲ್ಲ ತರಕಾರಿಯೇ. ಬನ್ನಿ, ಇವತ್ತು ಒಂದು ದಿನ ಒಟ್ಟಿಗೆ ಕೂತ್ಕೊಳ್ಳುವ." ಬಾಳೆ ಎಲೆ ಹಾಸಿದ್ದರು. ಹರಿವೆ, ಕೆಸು, ಹೀರೆ, ಬೆಂಡೆ ಎಲ್ಲ ಇತ್ತು. ಮೂರು ತಿಂಗಳಲ್ಲಿ ಮೊದಲ ಸಲ ಎದುರಿಗೊಂದು ಮುಖವಿಟ್ಟುಕೊಂಡು ಉಣ್ಣುವ ಊಟ. ಪಕ್ಕದಲ್ಲಿ ರೊವಿನಾ ಕುವೈತಿನ ವಿಳಾಸ ಬರೆದ ಕವರನ್ನು ಮುಂದಿಟ್ಟುಕೊಂಡಿದ್ದಳು. ಅದರಲ್ಲಿ ಚರ್ಚಿನಲ್ಲಿ ಕೊಟ್ಟ ತೆನೆಯ ತುಂಡೊಂದನ್ನು ಇಟ್ಟಳು. ಆಮೇಲೆ ನಮ್ಮ ಗದ್ದೆಯ ಜೊಳ್ಳು ತೆನೆಯನ್ನೂ ಮಡಚಿ ಇಟ್ಟಳು.

"ಅದು ಯಾಕೆ?" ಎಂದೆ.

"ಪಪ್ಪನಿಗೆ ಹೇಳಿದ್ದೇನೆ. ಒಂದು ತಿನ್ಲಿಕ್ಕೆ, ಒಂದು ನೋಡ್ಲಿಕ್ಕೆ."

ಸೆರಾಫಿನ್ ಬಾಯಿ ಕಾಳು ಸುಲಿಯುತ್ತ ಲೆಕ್ಕ ಹಾಕುತ್ತಿದ್ದರು, ತಲೆಗೊಂದು. "ನಿಮ್ಮ ಊರಿಗೂ ಕಳಿಸಿ. ಮನೆಯಲ್ಲಿ ಎಷ್ಟು ಜನ?"

"ಆರು," ಎಂದೆ. ಅವ್ವ, ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು, ನಾನು. ಹುಟ್ಟಿದಾಗಿನಿಂದ ನಮ್ಮ ಮನೆಯ ಲೆಕ್ಕದಲ್ಲಿ ನಾನು ಇಲ್ಲದೆ ಇದ್ದದ್ದೇ ಇಲ್ಲ.

"ನಿಮ್ಮನ್ನು ಸೇರಿಸಿಯಾ? ನಿಮ್ಮನ್ನು ನಾನು ಇಲ್ಲಿ ಲೆಕ್ಕಕ್ಕೆ ಹಿಡಿದಾಯ್ತು," ಎಂದು ತೆಂಗಿನ ಹಾಲಿನ ಬಟ್ಟಲು ತೋರಿಸಿದರು. "ಒಬ್ಬರನ್ನು ಎರಡು ಮನೆಯಲ್ಲಿ ಹಿಡಿಲಿಕ್ಕಿಲ್ಲ."

ಅವರ ಮೊಮ್ಮಗಳ ತೆನೆ ಕೆಡಿಸಿದವಳನ್ನು ಅವರು ಮನೆಯವಳೆಂದು ಎಣಿಸಿದ್ದರು. "ಹಾಗಾದರೆ ಐದು," ಎಂದೆ.

ತಲೆಗೊಂದು ಕಾಳೆಂದು ಚೀಟಿ ಬರೆದಿಟ್ಟು ಕಳಿಸಿದೆ. ವಾರದ ಮೇಲೆ ಅವ್ವ ಫೋನು ಮಾಡಿದಳು. "ಯವ್ವಾ, ನೀ ಕಳಿಸಿದ ಕವರ ಬಂತು. ಐದ ಕಾಳು ಅದಾವಲ್ಲ, ನಿಂದೆಲ್ಲಿ?"

"ನಂದು ಇಲ್ಲಿಯವ್ರು ಕೊಟ್ರವ್ವಾ. ತಿಂದೆ."

ಹಿಂದಿನಿಂದ ಅಣ್ಣನ ಮಕ್ಕಳ ಗದ್ದಲ ಕೇಳುತ್ತಿತ್ತು. "ಹಂಗಾರ ಈಗ ನಿನ್ನ ಅವರ ಮನಿ ಮಂದ್ಯಾಗ ಹಿಡದಾರೇನು?" ಎಂದಳು. "ಇರಲಿ ಬಿಡು. ನನ್ನ ಕಾಳಿನಾಗ ಅರ್ಧಾ ಮುರದು ದೇವರ ಜಗಲಿ ಮ್ಯಾಲೆ ಇಟ್ಟೀನಿ. ಬಂದಾಗ ತಿನ್ನುವಂತಿ."

ದೀಪಾವಳಿಗೆ ಹೋಗುತ್ತೇನೆಂದೆ, ಪರೀಕ್ಷೆ ಬಂತು. ಬೇಸಿಗೆಗೆ ಎಂದೆ, ಬೇಸಿಗೆ ಶಿಬಿರ ಬಂತು. ಈ ಜೂನಿನಲ್ಲಿ ಮತ್ತೆ ಗದ್ದೆಗಿಳಿದೆ, ಬೆರಳು ಮೊದಲು, ಹಿಮ್ಮಡಿ ಆಮೇಲೆ. ಆ ಅರ್ಧ ಕಾಳು ಇನ್ನೂ ಅವ್ವನ ಜಗಲಿಯ ಮೇಲೇ ಇದೆಯಂತೆ.