ದೆವ್ವದ ಹಬ್ಬಕ್ಕೆ ತಂದ ಅಂಗಿ

ನಮ್ಮ ಶಾಲೆಯಲ್ಲಿ ಹ್ಯಾಲೋವೀನ್ ಮಾಡೋಣ ಅಂತ ಪ್ರಿನ್ಸಿಪಾಲರು ಹೇಳಿದಾಗ ಸ್ಟಾಫ್ ರೂಮಿನಲ್ಲಿದ್ದ ನಾವೆಲ್ಲ ಒಟ್ಟಿಗೆ ತಿರುಗಿ ನೋಡಿದ್ದು ಇಂಗ್ಲಿಷ್ ಮಿಸ್ ಕಡೆಗೆ. ಆಕೆ ಕ್ಯಾಥೊಲಿಕ್.

"ನಿಮ್ಮ ಹಬ್ಬ ಅಲ್ವಾ ಮೇಡಂ, ಏನೇನು ಬೇಕು ಅಂತ ನೀವೇ ಹೇಳ್ಬಿಡಿ," ಎಂದರು ಪ್ರಿನ್ಸಿಪಾಲರು.

ಆಕೆ ಊಟದ ಡಬ್ಬಿಯ ಮುಚ್ಚಳ ಹಾಕುತ್ತಾ, "ಸಾರ್, ನಾನು ಹುಟ್ಟಿ ಬೆಳೆದಿದ್ದೆಲ್ಲ ಕೆಂಗೇರೀಲಿ. ನಮ್ಮನೇಲಿ ಇದನ್ನ ಯಾವತ್ತೂ ಮಾಡಿಲ್ಲ. ನಾನು ಇದನ್ನ ಮೊದಲು ನೋಡಿದ್ದು ಮಾಲ್‌ನಲ್ಲಿ," ಎಂದರು.

ನಾವು ನಕ್ಕೆವು. ಆಕೆ ನಗಲಿಲ್ಲ.

ನಮ್ಮದು ದೊಡ್ಡ ಶಾಲೆಯಲ್ಲ. ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಮೂರಂತಸ್ತಿನ ಕಟ್ಟಡ. ಮೈದಾನ ಇಲ್ಲ, ಟೆರೇಸೇ ಮೈದಾನ. ಮಾಗಡಿ ರೋಡಿನ ಆಚೀಚೆ ಸಣ್ಣಪುಟ್ಟ ಕೆಲಸ ಮಾಡುವವರ ಮಕ್ಕಳು, ಅಂಗಡಿಯವರ ಮಕ್ಕಳು, ಒಂದಿಷ್ಟು ಆಫೀಸಿಗೆ ಹೋಗುವವರ ಮಕ್ಕಳು. ಬಸವೇಶ್ವರನಗರದ ಯಾವುದೋ ದೊಡ್ಡ ಶಾಲೆಯಲ್ಲಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು ನಿಂತ ಫೋಟೋಗಳನ್ನು ಪ್ರಿನ್ಸಿಪಾಲರು ಫೋನಿನಲ್ಲಿ ನೋಡಿದ್ದರು. ನಾವು ಹಿಂದೆ ಬೀಳಬಾರದು ಎನ್ನುವುದೇ ಅವರ ಚಿಂತೆ.

ಸರ್ಕ್ಯುಲರ್ ಹೋದ ಮಾರನೇ ದಿನದಿಂದ ಒಬ್ಬೊಬ್ಬರೇ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಳ್ಳತೊಡಗಿದರು. ಒಬ್ಬ ತಾಯಿ ಪ್ರಾರ್ಥನಾ ಮಂದಿರಕ್ಕೆ ಹೋಗುವವರು. "ಮಿಸ್, ಅದು ಸೈತಾನನ ದಿನ ಅಂತ ನಮ್ಮ ಪಾಸ್ಟರ್ ಹೇಳಿದಾರೆ, ಅವತ್ತು ಮಗೂನ ಕಳಿಸಲ್ಲ, ತಪ್ಪು ತಿಳ್ಕೋಬೇಡಿ," ಎಂದರು. ಅವರೂ ಇಂಗ್ಲಿಷ್ ಮಿಸ್ಸೂ ಒಂದೇ ಏಸುವನ್ನು ನಂಬುವವರು, ಆದರೆ ಈ ಹಬ್ಬ ಇಬ್ಬರಿಗೂ ಸೇರಿದ್ದಲ್ಲ ಎಂದು ನನಗೆ ಗೊತ್ತಾಗಿದ್ದು ಆಗಲೇ. ಇನ್ನೊಬ್ಬ ತಂದೆ, ಫ್ಯಾಬ್ರಿಕೇಶನ್ ಕೆಲಸದ ಮುಸಲ್ಮಾನರು, ಏನೂ ಹೇಳದೆ ರಜೆ ಚೀಟಿ ಬರೆದುಕೊಟ್ಟು ಸಲಾಂ ಮಾಡಿ ಹೋದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಜ್ಜ ಮಾತ್ರ ಜೋರಾಗಿಯೇ ಕೇಳಿದರು: "ಮಾರನೇ ದಿನ ರಾಜ್ಯೋತ್ಸವ ಇಟ್ಕೊಂಡು ಹಿಂದಿನ ದಿನ ದೆವ್ವದ ವೇಷಾನಾ?" ಅದೂ ನಿಜವೇ. ಟೆರೇಸಿನ ಒಂದು ಕಡೆ ಅರಿಶಿನ ಕುಂಕುಮದ ಬಣ್ಣದ ಬಾವುಟಗಳ ಕಟ್ಟು ಬಿದ್ದಿತ್ತು, ಇನ್ನೊಂದು ಕಡೆ ನಾನು ಕರೀ ಚಾರ್ಟ್ ಪೇಪರಿನಲ್ಲಿ ಬಾವಲಿ ಕತ್ತರಿಸುತ್ತಾ ಕೂತಿದ್ದೆ. ಆದರೂ ಬಹಳಷ್ಟು ತಾಯಂದಿರಿಗೆ ಖುಷಿಯೇ ಆಗಿತ್ತು. ಮಕ್ಕಳ ಖುಷಿಯನ್ನಂತೂ ಕೇಳುವುದೇ ಬೇಡ.

ನಾನು ಈ ಹಬ್ಬದ ಪರವೂ ಇರಲಿಲ್ಲ, ವಿರುದ್ಧವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಎರಡನೇ ಕ್ಲಾಸಿಗೆ ಪಾಠ ಹೇಳುತ್ತಿದ್ದೇನೆ. ಹೇಳಿದ್ದನ್ನು ಮಾಡಿ ಅಭ್ಯಾಸ.

ಆ ವಾರ ಒಂದು ದಿನ ಹ್ಯಾಲೋವೀನ್ ಅಂದರೆ ಏನು ಅಂತ ಮಕ್ಕಳಿಗೆ ವಿವರಿಸಿದೆ. ಹೊರದೇಶದಲ್ಲಿ ಹಳೇ ಕಾಲದ ಜನ, ವರ್ಷದಲ್ಲಿ ಒಂದು ದಿನ ಸತ್ತವರೆಲ್ಲ ವಾಪಸ್ ಬರುತ್ತಾರೆ ಅಂತ ನಂಬಿದ್ದರು, ಅದಕ್ಕೇ ವೇಷ ಹಾಕುತ್ತಾರೆ, ಎಂದೆ. ಎರಡನೇ ಬೆಂಚಿನ ಒಂದು ಹುಡುಗಿ ಕೈ ಎತ್ತಿದಳು. ವಿಜಯಪುರದ ಕಡೆಯ ಮಗು. ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು, ಶಾಲೆಯಲ್ಲಿ ನಮ್ಮ ಹಾಗೇ ಮಾತಾಡುವುದನ್ನು ಕಲಿತಿದ್ದಳು.

"ಎಲ್ಲಾರೂ ಬರ್ತಾರಾ ಮಿಸ್?"

"ಎಲ್ಲಾರೂ ಅಂತೆ ಕಣೇ. ಕಥೆ ಅದು," ಎಂದು ಬೋರ್ಡಿನ ಕಡೆ ತಿರುಗಿದೆ.

ಅವಳ ತಂದೆ ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದರು, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಮೊದಲೆಲ್ಲ ತಂದೆಯೇ ಬೆಳಿಗ್ಗೆ ಸೈಕಲ್ಲಿನಲ್ಲಿ ತಂದು ಬಿಡುತ್ತಿದ್ದವರು, ಆಗಸ್ಟ್ ಆದಮೇಲೆ ಕಾಣಿಸಿರಲಿಲ್ಲ. ಊರಿನಿಂದ ಬಂದ ಅಜ್ಜಿ ಕರೆದುಕೊಂಡು ಬರುತ್ತಿದ್ದರು. ಮಗುವಿನ ಡೈರಿಯಲ್ಲಿ ತಂದೆಯ ಫೋನ್ ನಂಬರಿನ ಮೇಲೆ ಗೆರೆ ಎಳೆದು ಕೆಳಗೆ ತಾಯಿಯ ನಂಬರು ಬರೆದಿತ್ತು. ನಾನು ಅದನ್ನು ನೋಡಿದ್ದೆ. ಯಾಕೆ ಅಂತ ಕೇಳಿರಲಿಲ್ಲ. ನಲವತ್ತು ಡೈರಿಗಳಿಗೆ ಸಹಿ ಹಾಕುವಾಗ ಕೈ ಮುಂದಕ್ಕೆ ಹೋಗಿಬಿಡುತ್ತದೆ.

ಅಕ್ಟೋಬರ್ ಮೂವತ್ತೊಂದು ಬಂತು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಟೆರೇಸಿನ ತುಂಬ ಸಣ್ಣ ಸಣ್ಣ ದೆವ್ವಗಳು. ಬಿಳಿ ಬೆಡ್‌ಶೀಟಿಗೆ ತೂತು ಮಾಡಿಕೊಂಡವರು, ಮುಖಕ್ಕೆ ಕಾಡಿಗೆ ಮೆತ್ತಿಕೊಂಡವರು, ಆನ್‌ಲೈನಿನಲ್ಲಿ ತರಿಸಿದ ಎಲುಬಿನ ಚಿತ್ರದ ಡ್ರೆಸ್ಸಿನವರು. ಮೈಕ್ ನನ್ನ ಕೈಯಲ್ಲಿತ್ತು. ಒಬ್ಬೊಬ್ಬರನ್ನೇ ಕರೆದು, "ನೀನು ಯಾವ ದೆವ್ವಪ್ಪಾ?" ಎಂದು ಕೇಳುವುದು, ಅವರು ಹಲ್ಲು ಕಿರಿದು ಹೂಂಕರಿಸುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. ಹೀಗೆ ನಡೆದಿತ್ತು.

ವಿಜಯಪುರದ ಆ ಹುಡುಗಿಯ ಸರದಿ ಬಂತು. ಯೂನಿಫಾರ್ಮಿನ ಮೇಲೆ ಒಂದು ದೊಡ್ಡವರ ಅಂಗಿ ಹಾಕಿಕೊಂಡಿದ್ದಳು. ನೀಲಿ ಬಣ್ಣದ್ದು, ಜೇಬಿನ ಹತ್ತಿರ ಗ್ರೀಸಿನ ಕಲೆ. ತೋಳನ್ನು ನಾಲ್ಕೈದು ಸಲ ಮಡಚಿದ್ದರೂ ಬೆರಳು ಕಾಣುತ್ತಿರಲಿಲ್ಲ. ನೋಡಿದವರು ನಕ್ಕರು. ನಾನೂ ನಕ್ಕೆ.

"ನೀನು ಯಾವ ದೆವ್ವ ಪುಟ್ಟಿ?"

"ನಾನು ದೆವ್ವ ಅಲ್ಲ ಮಿಸ್. ಇದು ನಮ್ಮಪ್ಪಂದು."

"ಮತ್ತೆ ನೀನ್ಯಾಕೆ ಹಾಕ್ಕೊಂಡು ಬಂದೆ?"

"ಬ್ಯಾಗಲ್ಲಿ ಹಿಡೀಲಿಲ್ಲ ಮಿಸ್. ನಮ್ಮಪ್ಪ ಸತ್ತೋಗಿದಾರೆ. ಇವತ್ತು ಎಲ್ಲಾರೂ ಬರ್ತಾರೆ ಅಂದ್ರಲ್ಲ, ಬಂದ್ರೆ ಹಾಕ್ಕೊಳ್ಳೋಕೆ ಅಂತ ತಂದೆ."

ಮೈಕಿನಲ್ಲಿ ಅದು ಇಡೀ ಟೆರೇಸಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಇನ್ನೂ ನಗುತ್ತಿದ್ದರು, ಅರ್ಥವಾಗದೆ. ಇಂಗ್ಲಿಷ್ ಮಿಸ್ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಮುಂದಿನ ಮಗುವನ್ನು ಕರೆದರು.

ನಾನು ಅವಳನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಅಳುತ್ತಿರಲಿಲ್ಲ. ಕಿಟಕಿಯಿಂದ ಗೇಟನ್ನು ನೋಡುತ್ತಿದ್ದಳು. "ವರ್ಕ್‌ಶಾಪಿಂದ ಬರೋದು ಲೇಟಾಗುತ್ತೆ ಮಿಸ್," ಎಂದಳು, ನನಗೆ ಸಮಾಧಾನ ಹೇಳುವವಳ ಹಾಗೆ.

ನಮ್ಮದು ಮಾಗಡಿ ಕಡೆಯ ಮನೆತನ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರ ಬಟ್ಟೆಯನ್ನೂ ಇಡುತ್ತೇವೆ. ಅಂದಿಗೆ ಮೂರು ವಾರದ ಹಿಂದಷ್ಟೇ ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯಲ್ಲಿ ನಾನೇ ನಮ್ಮಪ್ಪನ ಫೋಟೋ ಮುಂದೆ ಹೊಸ ಪಂಚೆ, ಶರಟು, ಕಜ್ಜಾಯ, ಒಂದು ಕಟ್ಟು ಬೀಡಿ ಇಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಹೊರಗೆ ಕೂತಿದ್ದೆ. ಅದನ್ನು ಯಾರೂ ದೆವ್ವದ ಹಬ್ಬ ಅನ್ನುವುದಿಲ್ಲ. ಏಳು ವರ್ಷದ ಮಗು ಯಾರೂ ಹೇಳಿಕೊಡದೆ ಅದನ್ನೇ ಮಾಡಿತ್ತು. ನಾನು ನಕ್ಕಿದ್ದೆ.

ಮಧ್ಯಾಹ್ನ ಅಜ್ಜಿ ಬಂದಾಗ ಮಗುವನ್ನು ನಲ್ಲಿಯ ಹತ್ತಿರ ಕೈ ತೊಳೆಯಲು ಕಳಿಸಿ, ನಡೆದದ್ದನ್ನು ಹೇಳಿದೆ. ಅಜ್ಜಿಯ ಕಣ್ಣು ಮೊಮ್ಮಗಳ ಮೈಮೇಲಿನ ಅಂಗಿಯ ಮೇಲೆ ನೆಟ್ಟಿತ್ತು.

"ಕೂಸಿಗೆ ಗೊತ್ತೈತೇನ್ರೀ ಅಕ್ಕಾರ?" ಎಂದರು.

"ಏನು ಅಮ್ಮ?"

"ಅಂವ ಹೋದದ್ದು. ನಾವು ಅಕೀಗೆ ಹೇಳೇ ಇಲ್ರೀ. ಅಪ್ಪ ಊರಾಗ ಹೊಲ ನೋಡ್ಕೋತ ಅದಾನು ಅಂತ ಹೇಳೀವಿ."

ಅಷ್ಟು ಹೇಳಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಆಗಸ್ಟಿನಲ್ಲಿ ವರ್ಕ್‌ಶಾಪಿನಲ್ಲೇ ಎದೆನೋವು ಬಂದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ದೇಹವನ್ನು ಊರಿಗೆ ಒಯ್ದಿದ್ದರು.

"ಯಾರೋ ಅಕೀಗೆ ಅಂವ ತಿರುಗಿ ಬರ್ತಾನಂತ ಹೇಳ್ಯಾರಲ್ಲ," ಎಂದರು.

"ನಾನೇ ಹೇಳಿದ್ದು ಅಮ್ಮ. ಕಥೆ ಅಂತ ಹೇಳಿದೆ. ತಪ್ಪಾಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಾಗ ಹಂಗಿಲ್ರೀ," ಎಂದರು. "ನನ್ನ ಮಗನ್ನ ವಿಭೂತಿ ಹಚ್ಚಿ, ಕೊಳ್ಳಾಗ ಲಿಂಗ ಕಟ್ಟಿ, ಕುಂದ್ರಿಸಿ ಮಣ್ಣು ಕೊಟ್ಟೀವಿ. ಅಂವ ಶಿವನ ಪಾದ ಸೇರ್ಯಾನ. ದೆವ್ವ ಆಗಿ ತಿರುಗಾಡುವಂಥಾ ಮನುಷ್ಯಾ ಅಲ್ಲರೀ ಅಂವ." ಆಮೇಲೆ ದನಿ ತಗ್ಗಿಸಿ, "ಬಂದ್ರ ನಂಗೂ ಬೇಕಾಗಿತ್ತು," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಮೊಮ್ಮಗಳ ಕೈ ಹಿಡಿದುಕೊಂಡು ಹೊರಟರು. ಮಗು ಗೇಟಿನ ಆಚೆ ಎರಡು ಸಲ ನಿಂತು ಹಿಂದಕ್ಕೆ ನೋಡಿತು. ನನ್ನನ್ನಲ್ಲ, ರಸ್ತೆಯ ಆ ತುದಿಯನ್ನು.

ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು, "ಪೇರೆಂಟ್ಸ್ ಹೇಳ್ಬೇಕಿತ್ತು ರೀ, ನಮಗೇನು ಗೊತ್ತು," ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಎಲ್ಲರೂ ಹೋದಮೇಲೆ ಇಂಗ್ಲಿಷ್ ಮಿಸ್ ನನ್ನ ಪಕ್ಕ ಕೂತರು. "ನಾಡಿದ್ದು ನಾನು ನಮ್ಮಮ್ಮನ ಸಮಾಧಿಗೆ ಹೋಗ್ತೀನಿ. ನಮಗೆ ಅದು ಸತ್ತವರ ದಿನ. ಕಲ್ಲು ತೊಳೆದು, ಚೆಂಡು ಹೂವಿಟ್ಟು, ಕ್ಯಾಂಡಲ್ ಹಚ್ಚಿ ಬರ್ತೀವಿ. ಅಲ್ಲಿ ಅತ್ತರೆ ಯಾರೂ ಏನೂ ಅನ್ನಲ್ಲ. ಆ ಮಗೂಗೂ ಅಂಥದೊಂದು ಜಾಗ ಬೇಕು ಮಿಸ್," ಎಂದರು.

ಆ ಭಾನುವಾರ ಮಗುವಿನ ಮನೆ ಹುಡುಕಿಕೊಂಡು ಹೋದೆ. ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಳಿದು ಎರಡು ಗಲ್ಲಿ ಒಳಗೆ, ಬೀಗ ಹಾಕಿದ ಒಂದು ವರ್ಕ್‌ಶಾಪಿನ ಮೇಲಿನ ಒಂಟಿ ಕೋಣೆ. ತಾಯಿ ಬಾಗಿಲು ತೆರೆದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನನ್ನು ನೋಡಿದ ಕೂಡಲೇ ಕಣ್ಣು ತುಂಬಿತು. ಆದರೂ ಒಳಗೆ ಕರೆದು ಚಾಪೆ ಹಾಸಿದರು. ಅಜ್ಜಿ ಟೀಗೆ ಇಟ್ಟರು. ಮಗು ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿತ್ತು.

"ಮೂರು ದಿನದಿಂದ ಅಕೀ ಜೊತಿ ಮಾತಾಡಾಕ ಆಗವಲ್ದು," ಎಂದರು ತಾಯಿ ಮೆಲ್ಲಗೆ. "ಏನಂತ ಹೇಳ್ಲಿ? ನೀವಾ ಹೇಳ್ರಿ ಅಕ್ಕಾರ. ನೀವು ಹೇಳಿದ್ರ ತಿಳಕೋತಾಳ."

ನಾನು ಹೇಳುವುದು ಸರಿಯಲ್ಲ ಅನ್ನಿಸಿತು. ನಾನು ಹೇಳಿ ಆಗಿದ್ದು ಸಾಕಿತ್ತು. "ನೀವೇ ಹೇಳಿ ಅಮ್ಮ. ನಾನು ಇಲ್ಲೇ ಕೂತಿರ್ತೀನಿ," ಎಂದೆ.

ತಾಯಿ ಮಗಳನ್ನು ಹತ್ತಿರ ಕರೆದರು. ಅವಳ ಕೂದಲು ಸರಿಮಾಡಿದರು, ಫ್ರಾಕಿನ ಗುಂಡಿ ಹಾಕಿದರು, ಮತ್ತೆ ಕೂದಲಿಗೇ ಕೈ ಹಾಕಿದರು. ಕೊನೆಗೆ ಮಗುವೇ ಹೇಳಿತು.

"ನಂಗ ಗೊತ್ತೈತಿ ಅವ್ವ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಟ್ರಂಕಿನ್ಯಾಗ ಅಪ್ಪನ ಫೋಟೋ ನೋಡ್ದೆ. ಸ್ವೆಟರ್ ಹುಡುಕುವಾಗ. ಹಾರ ಹಾಕಿತ್ತು."

ಆ ಫೋಟೋವನ್ನು ಮಗುವಿನ ಕಣ್ಣಿಗೆ ಬೀಳಬಾರದು ಅಂತ ಹೊದಿಕೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಪ್ಲಾಸ್ಟಿಕ್ ಹೂವಿನ ಹಾರ ಹಾಗೇ ಇತ್ತು. ಮಗು ಅದನ್ನು ನೋಡಿ ಆಗಲೇ ಒಂದು ತಿಂಗಳಾಗಿತ್ತಂತೆ.

"ಮತ್ತ ನನ್ನ ಯಾಕ ಕೇಳ್ಲಿಲ್ಲ?" ಎಂದರು ತಾಯಿ.

"ಕೇಳಿದ್ರ ನೀ ಅಳ್ತಿದ್ದಿ."

ತಾಯಿ ಮಗಳನ್ನು ಎಳೆದು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತರು. ಆಗಸ್ಟಿನಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವರು ಮೊದಲ ಸಲ ಮಗಳ ಎದುರಿಗೆ ಅತ್ತರು. ಮಗುವೂ ಅತ್ತಿತು. ಅದೂ ಮೊದಲ ಸಲ. ಅಜ್ಜಿ ಒಲೆ ಆರಿಸಿ ಬಂದು ಇಬ್ಬರ ಬೆನ್ನ ಮೇಲೂ ಒಂದೊಂದು ಕೈ ಇಟ್ಟು ಕೂತರು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಚಾಪೆಯ ಅಂಚನ್ನು ನೋಡುತ್ತಿದ್ದೆ.

ಅಳು ತಗ್ಗಿದ ಮೇಲೆ ಅಜ್ಜಿ ಫೋಟೋವನ್ನು ಹೊರಗೆ ತೆಗೆದು, ಗಾಜು ಒರೆಸಿ, ಕ್ಯಾಲೆಂಡರು ಇದ್ದ ಮೊಳೆಗೆ ನೇತುಹಾಕಿದರು. ಮಗು, "ಅಪ್ಪ ಊರಾಗ ಎಲ್ಲಿ ಅದಾನ?" ಎಂದು ಕೇಳಿತು. "ನಮ್ಮ ಹೊಲದಾಗ, ಬೇವಿನ ಗಿಡದ ಬುಡಕ," ಎಂದರು ಅಜ್ಜಿ. ಅವರು ಹೇಳುತ್ತಾ ಬಂದಿದ್ದ ಸುಳ್ಳು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ನನಗೂ ಅವರಿಗೂ ಅದು ಒಟ್ಟಿಗೇ ಹೊಳೆದಿರಬೇಕು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ದೀಪಾವಳಿಗೆ ಹೋಗೂಣು. ನೀನಾ ಹೂವು ಏರಿಸೀಯಂತ," ಎಂದರು.

ಬಸ್ ಸ್ಟಾಪಿನವರೆಗೆ ತಾಯಿ ಬಂದರು. "ನಿಮ್ಮ ಮ್ಯಾಲ ಸಿಟ್ಟಿಲ್ರೀ," ಎಂದರು.

ದೀಪಾವಳಿ ರಜೆ ಮುಗಿದರೂ ಮಗು ಬರಲಿಲ್ಲ. ಒಂದು ವಾರ ಹಾಜರಿ ಪುಸ್ತಕ ನೋಡಿ ಅವಳ ಹೆಸರು ಕೂಗಿದೆ. ಆಮೇಲೆ ಫೋನ್ ಮಾಡಿದರೆ ತಾಯಿಯ ನಂಬರು ಚಾಲ್ತಿಯಲ್ಲಿ ಇರಲಿಲ್ಲ. ಒಂದು ದಿನ ಕಾಮಾಕ್ಷಿಪಾಳ್ಯಕ್ಕೆ ಹೋಗಿ ನೋಡಿದೆ. ಆ ಕೋಣೆಯಲ್ಲಿ ಬೇರೆಯವರು ಇದ್ದರು.

ಮುಂದಿನ ವರ್ಷವೂ ಶಾಲೆಯಲ್ಲಿ ಹ್ಯಾಲೋವೀನ್ ನಡೆಯಿತು. ಸತ್ತವರ ಮಾತು ಯಾರೂ ಎತ್ತಬಾರದು, ಬರೀ ಫ್ಯಾನ್ಸಿ ಡ್ರೆಸ್ ಅಂತ ಹೇಳಿ ಅಂತ ಪ್ರಿನ್ಸಿಪಾಲರು ತಿಳಿಸಿದರು. ಇನ್ನು ಮೈಕ್ ಹಿಡಿಯುವುದು ನನ್ನಿಂದಾಗದು ಎಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಅವತ್ತು ಬೆಳಿಗ್ಗೆ ನನ್ನ ಕ್ಲಾಸಿನ ಒಂದೊಂದು ಮಗುವನ್ನೂ ಮೇಜಿನ ಹತ್ತಿರ ಕರೆದು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದೆ. ಅರ್ಧ ದಿನ ಅದಕ್ಕೇ ಹೋಯಿತು. ಒಬ್ಬನ ತಮ್ಮ ಹುಟ್ಟಿದ ವಾರಕ್ಕೇ ತೀರಿಕೊಂಡಿದ್ದ. ಅದೂ ನನಗೆ ಗೊತ್ತಿರಲಿಲ್ಲ.

ಅದಾದ ಕೆಲವು ದಿನಕ್ಕೆ ಆ ಮಗುವಿನ ಸೋದರಮಾವ ಟಿಸಿ ಕೇಳಿಕೊಂಡು ಬಂದರು. ಊರಿನ ಸರ್ಕಾರಿ ಶಾಲೆಯಲ್ಲಿ ಹಾಗೇ ಕೂರಿಸಿಕೊಂಡಿದ್ದರಂತೆ, ಈಗ ಕಾಗದ ಬೇಕೇಬೇಕು ಅಂದಿದ್ದಾರಂತೆ. ತಾಯಿ ಅಲ್ಲೇ ಅಂಗನವಾಡಿಯಲ್ಲಿ ಅಡುಗೆ ಕೆಲಸ ಹಿಡಿದಿದ್ದರು. ಅಜ್ಜಿ ಬೇಸಿಗೆಯಲ್ಲಿ ಹೋಗಿಬಿಟ್ಟಿದ್ದರು. ಮಗನ ಪಕ್ಕದಲ್ಲೇ ಇಟ್ಟಿದ್ದೇವೆ, ಎಂದರು.

"ಮಗು ಹೇಗಿದಾಳೆ?" ಎಂದೆ.

"ಆರಾಮ ಅದಾಳ್ರೀ. ಮಾತು ಕಮ್ಮಿ. ದಿನಾ ಸಾಲಿ ಬಿಟ್ಟ ಮ್ಯಾಲ ಹೊಲಕ್ಕ ಹೋಗಿ ಒಂದೀಟು ಕುಂತು ಬರ್ತಾಳ. ಯಾರೂ ಬ್ಯಾಡ ಅನ್ನೂದಿಲ್ಲ."

"ಇಲ್ಲೀ ಶಾಲೇನ, ನಮ್ಮನ್ನೆಲ್ಲ ನೆನೆಸ್ಕೊಳ್ತಾಳಾ?"

ಅವರು ಸುಳ್ಳು ಹೇಳುವ ಮನುಷ್ಯರಲ್ಲ. "ಇಲ್ರೀ ಅಕ್ಕಾರ, ಬೆಂಗಳೂರಿನ ಸುದ್ದೀನಾ ಎತ್ತೂದಿಲ್ಲ," ಎಂದರು.

ಶಾಲೆ ಬಿಡಲು ಕಾರಣ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ನಿಮಗೆ ತಿಳಿದದ್ದು ಬರೀರಿ ಎಂದರು. ಊರು ಬದಲಾವಣೆ ಎಂದು ಬರೆದು, ಸೀಲು ಹಾಕಿಸಿ ಕೊಟ್ಟೆ.