ಇಬ್ಬರ ನಡುವಿನ ಕೇಬಲ್

ಮುಂಬಯಿಯ ಫೋರ್ಟಿನ ನಮ್ಮ ಆಫೀಸು ಖರ್ಚು ಉಳಿಸಲೆಂದು ಅರ್ಧ ಮಹಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿತು. ಆಮೇಲೆ ನನಗೂ ಪಕ್ಕದ ಮೇಜಿನವರಿಗೂ ಸೇರಿ ಉಳಿದದ್ದು ಒಂದೇ ನೆಟ್‌ವರ್ಕ್ ಕೇಬಲ್. ಅದನ್ನು ಸಿಕ್ಕಿಸಿದರೆ ಆಫೀಸಿನ ಸರ್ವರ್ ತೆರೆಯುತ್ತಿತ್ತು, ಬಿಲ್ ಮಾಡಬಹುದಿತ್ತು. ಮೇಲ್ ನೋಡಲು ವೈಫೈಯೇ ಗತಿ. ಎರಡನ್ನೂ ಒಟ್ಟಿಗೆ ಇಟ್ಟರೆ ಕಂಪ್ಯೂಟರಿಗೆ ತಲೆ ಕೆಡುತ್ತಿತ್ತು. ಸರ್ವರೂ ಇಲ್ಲ, ಮೇಲೂ ಇಲ್ಲ. ಚೆಂಬೂರಿನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು ಬೆಳಿಗ್ಗೆಯೇ ಅರ್ಧ ಜೀವವಾಗಿರುತ್ತಿದ್ದ ನನಗೆ ಈ ಕೀಳುವ, ಸಿಕ್ಕಿಸುವ ಕೆಲಸ ಸಾಕುಸಾಕಾಗಿತ್ತು.

ಪಕ್ಕದ ಮೇಜಿನವರು ವಿಜಯಪುರದ ಕಡೆಯವರು. ಮನೆಯಲ್ಲಿ ದಖ್ಖನಿ ಉರ್ದು, ನನ್ನೊಡನೆ ಕನ್ನಡ. ನಾನು ಕುಂದಾಪುರದ ಕಡೆಯವನು. ಅವರು ಬಿಲ್ಲಿಗೆ ಕೂತಾಗ ನಾನು ಮೇಲ್ ನೋಡುವುದು, ನಾನು ಬಿಲ್ಲಿಗೆ ಕೂತಾಗ ಅವರು ನೋಡುವುದು ಎಂದು ಹೊಂದಿಸಿಕೊಂಡಿದ್ದೆವು. ಆಯಿತಾ ಎಂದು ನಾನು ಕೇಳುವುದು, ಇದೊಂದು ಬಿಲ್ ಇದೆ ತಡೆಯಿರಿ ಎಂದು ಅವರು ಹೇಳುವುದು, ಅಷ್ಟರಲ್ಲಿ ಮಾತು ಎಲ್ಲೆಲ್ಲಿಗೋ ಹೋಗುವುದು. ನನ್ನ 'ಮಾರಾಯ್ರೆ'ಯನ್ನು ಅವರು ಅಣಕಿಸುತ್ತಿದ್ದರು. ದಿನವೂ ಅನ್ನ ತಿಂದು ನಿಮಗೆ ಬೇಸರ ಬರುವುದಿಲ್ಲವೇ ಎಂದು ಕೇಳುತ್ತಿದ್ದರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ ಇರುವುದು, ಆಕೆ ಪಥ್ಯ ಮಾಡದೆ ಗಂಡನೊಡನೆ ಜಗಳವಾಡುವುದು, ಎಲ್ಲ ನನಗೆ ತಿಳಿದದ್ದು ಕೇಬಲ್ ಕೈ ಬದಲಾಗುವ ಹೊತ್ತಿನಲ್ಲೇ.

ನನ್ನ ಹೆಂಡತಿ ಮರಾಠಿಯವಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಾಗಾಗಿ ದಿನವಿಡೀ ನನ್ನ ಬಾಯಿಂದ ಬರುತ್ತಿದ್ದ ಕನ್ನಡವೆಂದರೆ ಇಷ್ಟೇ. ಅದೂ ಇಲ್ಲದಿದ್ದರೆ ಆ ಆಫೀಸಿಗೆ ಹೋಗುವ ಮನಸ್ಸೇ ನನಗಿರುತ್ತಿರಲಿಲ್ಲ.

ಬಿಲ್‌ಗಳು ತಡವಾಗುತ್ತಿವೆಯೆಂದು ಒಂದು ದಿನ ಮ್ಯಾನೇಜರು ಕಾಂದಿವಲಿಯಿಂದ ನೆಟ್‌ವರ್ಕ್ ಕೆಲಸದವರನ್ನು ಕರೆಸಿದರು. ಅವರು ಮೇಜಿನ ಕೆಳಗೆ ಒಂದು ಸಣ್ಣ ಡಬ್ಬಿ ಕೂರಿಸಿ, ಅದರಿಂದ ಇಬ್ಬರಿಗೂ ಒಂದೊಂದು ಕೇಬಲ್ ಎಳೆದರು. ಕಂಪ್ಯೂಟರಿನೊಳಗೂ ಏನೋ ಬದಲಿಸಿದರು. ಸರ್ವರ್‌ಗೆ ಕೇಬಲ್, ಮೇಲ್‌ಗೆ ವೈಫೈ, ಎರಡೂ ಒಟ್ಟಿಗೆ ತಕರಾರಿಲ್ಲದೆ ನಡೆದವು. ಸುಳ್ಳೇಕೆ, ನನಗೆ ಬಹಳ ಖುಷಿಯಾಯಿತು. ಕೆಳಗಿನ ಉಡುಪಿ ಹೋಟೆಲಿನಿಂದ ಚಹಾ ತರಿಸಿ ಇಬ್ಬರೂ ಕುಡಿದೆವು.

ಆಮೇಲೆ ಮ್ಯಾನೇಜರು ಕೆಲಸ ಹೆಚ್ಚಿಸಿದರು. ಕಾಯುವ ಹೊತ್ತೇ ಇರಲಿಲ್ಲ. ಬಂದಾಗ ಒಂದು ನಮಸ್ಕಾರ, ಹೋಗುವಾಗ ಒಂದು ನಮಸ್ಕಾರ. ನಡುವೆ ತಲೆ ಬಗ್ಗಿಸಿ ದುಡಿಯುವುದು. ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. ನಾಳೆ ಮಾತಾಡಿದರಾಯಿತು ಎಂದುಕೊಂಡೇ ಮಳೆಗಾಲ ಮುಗಿದುಹೋಯಿತು.

ಒಂದು ಮಧ್ಯಾಹ್ನ ಆಫೀಸಿನ ಗ್ರೂಪಿಗೆ ಪಕ್ಕದ ಮೇಜಿನವರ ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ನಾಳೆ ಬರುವುದು ತಡವಾಗುತ್ತದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಬಿಲ್ಲಿನ ಮೇಲಿಂದ ಪೂರ್ತಿ ಕಣ್ಣು ತೆಗೆಯದೆ ನಾನೂ ಒಂದು ಕಳಿಸಿದೆ. ನನ್ನ ಮೊಣಕೈಯ ಪಕ್ಕದಲ್ಲೇ ಅವರ ಫೋನು ಸದ್ದು ಮಾಡಿತು. ಅವರು ಅದನ್ನು ನೋಡಿ, ಬೋರಲಾಗಿಟ್ಟು, ಮತ್ತೆ ಬಿಲ್ ಮಾಡತೊಡಗಿದರು.

ನನಗೆ ನಾಚಿಕೆಯಾಯಿತು. ಎದ್ದು ಅವರ ಮೇಜಿನ ಬಳಿ ನಿಂತು ಏನಾಯಿತೆಂದು ಕೇಳಿದೆ. ಕಾಲಿನ ಗಾಯ ಮಾಯುತ್ತಿಲ್ಲವಂತೆ, ಬೆರಳು ತೆಗೆಯಬೇಕು ಎನ್ನುತ್ತಿದ್ದಾರಂತೆ. ಇಷ್ಟೆಲ್ಲ ಆದರೂ ನನಗೆ ಒಂದು ಮಾತು ಹೇಳಲಿಲ್ಲವಲ್ಲ ಭಾಯಿ ಎಂದೆ.

ಅವರು ತಲೆ ಎತ್ತಲಿಲ್ಲ.

"ವಾರದಿಂದ ಹೇಳಬೇಕಂತ ಮಾಡೀನ್ರಿ ಸರ್. ಈಗ ಕೇಬಲ್ ಕೇಳೂದೂ ಇಲ್ಲ, ಸುಮ್ ಸುಮ್ನ ಎದ್ದ ಬಂದು ಹ್ಯಾಂಗ ಹೇಳೂದು?"